ಓಝೋನ್‌ಗೆ ಏನೂ ಮಾಡದ ಗ್ಯಾಸ್ ಓಝೋನ್ ಒಪ್ಪಂದದಲ್ಲಿ ಯಾಕಿದೆ?

ಪ್ರಶ್ನೆ: ಎಸಿಗೆ ಗ್ಯಾಸ್ ತುಂಬೋಕೆ ಬಂದ ಮೆಕ್ಯಾನಿಕ್ "ಇದು ಆರ್-410ಎ ಸಾರ್, ಓಝೋನ್‌ಗೆ ಏನೂ ಆಗಲ್ಲ" ಅಂದ್ರು. ನೆಟ್‌ನಲ್ಲಿ ನೋಡಿದ್ರೆ ಅದನ್ನೂ ಓಝೋನ್ ಉಳಿಸೋಕೆ ಮಾಡಿದ ಮಾಂಟ್ರಿಯಲ್ ಪ್ರೊಟೊಕಾಲ್ ಅನ್ನೋ ಒಪ್ಪಂದದ ಅಡಿಯಲ್ಲೇ ಕಡಿಮೆ ಮಾಡ್ತಾರಂತೆ. ಯಾವುದು ಸರಿ? ಓಝೋನ್ ತೂತು ಮುಚ್ಕೊಂಡಾಯ್ತು ಅಂತ ಬೇರೆ ಓದಿದೆ, ಮತ್ತೆ ಇದೆಲ್ಲ ಯಾಕೆ?

ಉತ್ತರ: ಎರಡೂ ಸರಿ. ಓಝೋನ್ ತಿನ್ನೋದು ಕ್ಲೋರಿನ್ (ಬ್ರೋಮಿನ್ನೂ ತಿನ್ನುತ್ತೆ), ಆರ್-410ಎ ಅಂಥ ಎಚ್‌ಎಫ್‌ಸಿ (ಹೈಡ್ರೋಫ್ಲೋರೋಕಾರ್ಬನ್) ಗ್ಯಾಸ್‌ಗಳಲ್ಲಿ ಅದು ಇಲ್ಲವೇ ಇಲ್ಲ. ಹಳೇ ಫ್ರಿಜ್, ಎಸಿಗಳ ಸಿಎಫ್‌ಸಿ (ಕ್ಲೋರೋಫ್ಲೋರೋಕಾರ್ಬನ್) ಗ್ಯಾಸ್‌ಗಳಲ್ಲಿ ಇತ್ತು, ಅವು ಮೇಲೆ ಹೋಗಿ ಒಡೆದಾಗ ಹೊರಗೆ ಬರೋ ಕ್ಲೋರಿನ್ ಅಪಾಯ ಅಂತ ಮೊಲಿನಾ ಮತ್ತು ರೋಲ್ಯಾಂಡ್ ಅನ್ನೋ ವಿಜ್ಞಾನಿಗಳು 1974ರಲ್ಲೇ ಹೇಳಿದ್ರು, ಆದ್ರೆ ಅಂಟಾರ್ಕ್ಟಿಕಾ ಮೇಲೆ ಓಝೋನ್ ಕುಸಿದಿದೆ ಅಂತ ಬ್ರಿಟಿಷ್ ವಿಜ್ಞಾನಿಗಳು 1985ರಲ್ಲಿ ತೋರಿಸೋವರೆಗೂ ಹೆಚ್ಚಿನ ದೇಶಗಳಿಗೆ ಅಷ್ಟು ಆತುರ ಇರಲಿಲ್ಲ. ಅದೇ ವರ್ಷ ಆದ ವಿಯೆನ್ನಾ ಒಪ್ಪಂದದಲ್ಲೂ 'ಒಟ್ಟಿಗೆ ಅಧ್ಯಯನ ಮಾಡೋಣ' ಅನ್ನೋದಕ್ಕಿಂತ ಹೆಚ್ಚೇನೂ ಇರಲಿಲ್ಲ. ಯಾವ ಗ್ಯಾಸ್, ಎಷ್ಟು, ಯಾವಾಗ ಅಂತ ಲೆಕ್ಕ ಹಾಕಿ ಕಟ್ಟಿಹಾಕಿದ್ದು 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್‌ನಲ್ಲಿ.

ಸಿಎಫ್‌ಸಿ ಹೋಗಿ ಆರ್-22 ಥರದ ಎಚ್‌ಸಿಎಫ್‌ಸಿ (ಕ್ಲೋರಿನ್ ಇದ್ರೂ ಓಝೋನ್‌ಗೆ ಹಾನಿ ಕಮ್ಮಿ) ಬಂತು, ಆಮೇಲೆ ಅದರ ಜಾಗಕ್ಕೆ ಎಚ್‌ಎಫ್‌ಸಿ ಬಂತು. ಓಝೋನ್ ಕಂಟಕ ತಪ್ಪಿತು, ಬಿಸಿ ಹಿಡಿದಿಟ್ಟುಕೊಳ್ಳೋ ಚಾಳಿ ಉಳೀತು. ಒಂದು ಕೆಜಿ ಆರ್-410ಎ ಗಾಳಿಗೆ ಹೋದ್ರೆ ನೂರು ವರ್ಷದ ಲೆಕ್ಕದಲ್ಲಿ ಸುಮಾರು 2,000 ಕೆಜಿ ಕಾರ್ಬನ್ ಡೈಆಕ್ಸೈಡ್ ಬಿಟ್ಟಷ್ಟು. ಹಾಗಂತ ಎಚ್‌ಎಫ್‌ಸಿಗೆ ಹೋಗಿದ್ದೇ ತಪ್ಪು ಅನ್ನೋ ವಾದ ನಾನು ಒಪ್ಪಲ್ಲ, ಹಳೇ ಫ್ರಿಜ್‌ಗಳಲ್ಲಿದ್ದ ಸಿಎಫ್‌ಸಿ-12ರದ್ದು ಹತ್ತು ಸಾವಿರ ದಾಟ್ತಿತ್ತು. ತೊಂದರೆ ಏನಂದ್ರೆ ಎಸಿಗಳ ಸಂಖ್ಯೆ ನಿಲ್ತಾನೇ ಇಲ್ಲ.

ಸರಿ, ಬಿಸಿ ವಿಷಯ ಅಂದ್ಮೇಲೆ ಹವಾಮಾನ ಒಪ್ಪಂದದವರು ನೋಡ್ಕೊಳ್ಳಲಿ ಅಂತೀರಾ? 1997ರ ಕ್ಯೋಟೋ ಹವಾಮಾನ ಒಪ್ಪಂದದ ಪಟ್ಟಿಯಲ್ಲಿ ಎಚ್‌ಎಫ್‌ಸಿ ಇತ್ತು, ಆದ್ರೆ ಅಲ್ಲಿ ಎಲ್ಲಾ ಗ್ಯಾಸ್‌ಗಳನ್ನ ಒಟ್ಟು ಸೇರಿಸಿ ಲೆಕ್ಕ, ಅದೂ ಶ್ರೀಮಂತ ದೇಶಗಳಿಗೆ ಮಾತ್ರ. ಮಾಂಟ್ರಿಯಲ್‌ನವರ ಹತ್ರ ಕೆಲಸ ಮಾಡೋ ಯಂತ್ರ ರೆಡಿ ಇತ್ತು: ಸೇರದ ದೇಶದ ಜೊತೆ ಈ ಗ್ಯಾಸ್‌ಗಳ ವ್ಯಾಪಾರ ಮಾಡಂಗಿಲ್ಲ, ಬಡ ದೇಶಗಳ ಫ್ಯಾಕ್ಟರಿ ಬದಲಾಯಿಸೋಕೆ 1991ರಿಂದ ಒಂದು ಫಂಡ್ ಇದೆ, ಪ್ರಪಂಚದ ಎಲ್ಲಾ ದೇಶಗಳೂ ಸದಸ್ಯರು. ಇನ್ನೊಂದು ನನಗೆ ತುಂಬಾ ಇಷ್ಟವಾದ ನಿಯಮ, ಪಟ್ಟಿಗೆ ಒಮ್ಮೆ ಸೇರಿದ ಗ್ಯಾಸ್‌ನ ಗಡುವನ್ನ ಇನ್ನೂ ಬಿಗಿ ಮಾಡಬೇಕಾದ್ರೆ ಸಭೆಯಲ್ಲೇ ತೀರ್ಮಾನ ಮಾಡಬಹುದು, ಒಂದೊಂದು ದೇಶದ ಸಂಸತ್ತಿನ ಬಾಗಿಲಿಗೂ ಹೋಗಿ ಕಾಯಬೇಕಿಲ್ಲ. ಹೊಸ ಗ್ಯಾಸ್ ಸೇರಿಸೋಕೆ ಮಾತ್ರ ತಿದ್ದುಪಡಿ ಬೇಕು. ರುವಾಂಡಾದ ಕಿಗಾಲಿಯಲ್ಲಿ 2016ರ ಅಕ್ಟೋಬರ್‌ನಲ್ಲಿ ಎಚ್‌ಎಫ್‌ಸಿ ಸೇರಿಸೋಕೆ ಆಗಿದ್ದು ಅದೇ, ಜಾರಿಗೆ ಬಂದಿದ್ದು 2019ರಿಂದ.

ಇದು ನಾಳೆ ಬೆಳಗ್ಗೆಯಿಂದ ಬ್ಯಾನ್ ಅಲ್ಲ, ಗಾಬರಿ ಬೇಡ. ಹೆಚ್ಚಿನ ಶ್ರೀಮಂತ ದೇಶಗಳು ಎಚ್‌ಎಫ್‌ಸಿ ಬಳಕೆಯನ್ನ 2036ಕ್ಕೆ ಶೇ 85ರಷ್ಟು ಇಳಿಸಬೇಕು, ಚೀನಾ ಸೇರಿ ಬಹುತೇಕ ಅಭಿವೃದ್ಧಿಶೀಲ ದೇಶಗಳು 2045ಕ್ಕೆ ಶೇ 80, ಭಾರತ, ಪಾಕಿಸ್ತಾನ, ಕೊಲ್ಲಿ ದೇಶಗಳು 2028ರಲ್ಲಿ ಬಳಕೆ ಏರೋದನ್ನ ನಿಲ್ಲಿಸಿ 2047ಕ್ಕೆ ಶೇ 85. ಎಲ್ಲಾ ಸರಿಯಾಗಿ ನಡೆದ್ರೆ ಶತಮಾನದ ಕೊನೆಗೆ ಅರ್ಧ ಡಿಗ್ರಿವರೆಗೆ ಬಿಸಿ ತಪ್ಪುತ್ತೆ ಅನ್ನೋ ಅಂದಾಜಿದೆ.

ತೂತು ಮುಚ್ಚಿಲ್ಲ. ಪ್ರತಿ ವರ್ಷ ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ದಕ್ಷಿಣ ಧ್ರುವದ ಮೇಲೆ ತೆರ್ಕೊಳ್ಳುತ್ತೆ, ವರ್ಷದ ಕೊನೆಗೆ ಮುಚ್ಚುತ್ತೆ, ಆ ಸುದ್ದಿಯನ್ನೇ ನೀವು ಓದಿರಬೇಕು. ಅಲ್ಲಿ ಓಝೋನ್ 1980ರ ಮಟ್ಟಕ್ಕೆ ಬರೋದು 2066ರ ಸುಮಾರಿಗೆ, ಯಾಕಂದ್ರೆ ಅವತ್ತು ಬಿಟ್ಟ ಸಿಎಫ್‌ಸಿಗಳು ಐವತ್ತು-ನೂರು ವರ್ಷ ಅಲ್ಲೇ ಇರ್ತವೆ.

ಈಗ ಅಷ್ಟಾಗಿ ಯಾರೂ ಮಾತಾಡದ ವಿಷಯ. ಒಪ್ಪಂದ ಲೆಕ್ಕ ಇಡೋದು ಎಷ್ಟು ತಯಾರಾಯ್ತು, ಎಷ್ಟು ಆಮದು, ಎಷ್ಟು ರಫ್ತು ಅಂತ, ಈಗಾಗಲೇ ಮಷಿನ್ ಒಳಗಿರೋ ಗ್ಯಾಸ್ ಸೋರಿ ಹೋದ್ರೆ ಆ ಲೆಕ್ಕಕ್ಕೆ ಬರಲ್ಲ. ನಿಮ್ಮ ಔಟ್‌ಡೋರ್ ಯೂನಿಟ್ ಪಕ್ಕದಲ್ಲಿ ಒಂದು ಸ್ಟಿಕ್ಕರ್ ಇರುತ್ತೆ, ಅದರಲ್ಲಿ ಗ್ಯಾಸಿನ ಹೆಸರು, ಎಷ್ಟು ಕೆಜಿ ಅಂತ ಬರೆದಿರುತ್ತೆ, ನೋಡಿ. ಗ್ಯಾಸ್ ಪೆಟ್ರೋಲ್ ಥರ ಖರ್ಚಾಗೋ ವಸ್ತು ಅಲ್ಲ, ಮುಚ್ಚಿದ ಪೈಪಲ್ಲಿ ಸುತ್ತುತ್ತೆ ಅಷ್ಟೇ. ಕಮ್ಮಿಯಾಗಿದೆ ಅಂದ್ರೆ ಎಲ್ಲೋ ಲೀಕ್ ಇದೆ. ಹುಡುಕದೆ ಮೇಲಿಂದ ತುಂಬಿದ್ರೆ ಅದೂ ಗಾಳಿಗೇ. ಆದ್ದರಿಂದ ಮೊದಲು ಪೈಪ್ ಸೇರೋ ಫ್ಲೇರ್ ಜಾಯಿಂಟ್‌ಗೆ ಸೋಪ್ ನೀರು ಹಾಕಿ ಗುಳ್ಳೆ ಬರುತ್ತಾ ಚೆಕ್ ಮಾಡಿಸಿ, ರಿಪೇರಿ ಆದ್ಮೇಲೆ ಸ್ಟಿಕ್ಕರ್‌ನಲ್ಲಿರೋ ತೂಕಕ್ಕೆ ಸರಿಯಾಗಿ ಹಾಕಿಸಿ. ಹಳೇ ಎಸಿ ಬಿಚ್ಚುವಾಗ ವಾಲ್ವ್ ತೆಗೆದು ಬುಸ್ ಅಂತ ಬಿಡೋರು ಇದಾರೆ, ಗ್ಯಾಸನ್ನ ಎಳೆದು ಖಾಲಿ ಸಿಲಿಂಡರಿಗೆ ತುಂಬೋ ರಿಕವರಿ ಮಷಿನ್ ತನ್ನಿ ಅಂತ ಮೊದಲೇ ಕೇಳಿ.

ಪ್ರಶ್ನೆ: ಹಾಗಾದ್ರೆ ಕಾರ್ಬನ್, ಮೀಥೇನ್‌ಗೂ ಇದೇ ಫಾರ್ಮುಲಾ ಹಾಕಬಹುದಲ್ವಾ?

ಉತ್ತರ: ಕಷ್ಟ. ಸಿಎಫ್‌ಸಿ ಮಾಡ್ತಿದ್ದಿದ್ದು ಕೆಲವೇ ಕಂಪನಿಗಳು, ಕಾರ್ಬನ್ ಬರೋದು ಹೆಚ್ಚುಕಮ್ಮಿ ನಾವು ಮಾಡೋ ಎಲ್ಲದರಿಂದ. ಮೀಥೇನ್ ವಿಷಯದಲ್ಲಿ 2021ರಲ್ಲಿ ಗ್ಲಾಸ್ಗೋ ಹವಾಮಾನ ಸಭೆಯಲ್ಲಿ ಹಲವು ದೇಶಗಳು 2020ಕ್ಕೆ ಹೋಲಿಸಿದ್ರೆ 2030ಕ್ಕೆ ಶೇ 30 ಇಳಿಸ್ತೀವಿ ಅಂತ ಮಾತು ಕೊಟ್ಟಿವೆ, ಆದ್ರೆ ಅದು ಕಾನೂನು ಅಲ್ಲ, ತಪ್ಪಿದ್ರೆ ಕೇಳೋರಿಲ್ಲ. ನನ್ನ ಕೇಳಿದ್ರೆ ಮಾಂಟ್ರಿಯಲ್ ಪಟ್ಟಿಗೆ ಮುಂದೆ ಸೇರಬೇಕಾದ್ದು ನೈಟ್ರಸ್ ಆಕ್ಸೈಡ್, ಗೊಬ್ಬರ ಹಾಕಿದ ಮಣ್ಣಿಂದ ಬರೋದು, ಓಝೋನನ್ನೂ ತಿನ್ನುತ್ತೆ ಬಿಸಿನೂ ಹೆಚ್ಚಿಸುತ್ತೆ, ಆದ್ರೂ ಇವತ್ತಿಗೂ ಆ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಕಾರಣ ಊಹಿಸೋದು ಕಷ್ಟ ಏನಲ್ಲ, ಫ್ರಿಜ್ ಗ್ಯಾಸ್‌ಗೆ ಬದಲಿ ಸಿಗುತ್ತೆ, ಗೊಬ್ಬರ ಕಮ್ಮಿ ಮಾಡಿ ಅಂತ ರೈತರಿಗೆ ಯಾವ ಸರ್ಕಾರ ಹೇಳುತ್ತೆ?