ಚಾಕುವಿಗೆ ಐರಿಷ್‌ನಲ್ಲಿ ಏನೆನ್ನುತ್ತಾರೆ?

ಕಳೆದ ಸಂಚಿಕೆಯಲ್ಲಿ ಚಾಕುವಿನ ಐರಿಷ್ ಹೆಸರು ‘ಶ್ಕೀಅನ್’ ಎಂದು ಅಚ್ಚಾಗಿರುವುದು ತಪ್ಪು, ಅದರ ಅಕ್ಷರಗಳು ಎಸ್, ಸಿ, ಐ, ಎ, ಎನ್ ಆಗಿರುವುದರಿಂದ ‘ಸ್ಕಿಯಾನ್’ ಎಂದಿರಬೇಕು, ಕೆಲವೇ ಜನ ಆಡುವ ಭಾಷೆಗೆ ಇಷ್ಟು ಮಡಿ ಬೇಡ ಎಂದು ಡಬ್ಲಿನ್‌ನಲ್ಲಿರುವ ಓದುಗರೊಬ್ಬರು ಬರೆದಿದ್ದಾರೆ.

ಮಾನ್ಯರೇ, ಐರಿಷ್‌ನ ಸೋದರ ಭಾಷೆಯಾದ ಸ್ಕಾಟ್ಲೆಂಡಿನ ಗೇಲಿಕ್‌ನಲ್ಲಿ ಈ ಪದ ‘ಸ್ಕೀಅನ್’ ಎಂದೇ ಕೇಳಿಸುತ್ತದೆ. ಅಲ್ಲಿನ ಗಂಡಸರು ಕಿಲ್ಟ್ ಎಂಬ ನೆರಿಗೆಯ ಲಂಗ ಉಟ್ಟಾಗ ಕಾಲುಚೀಲದ ಅಂಚಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಚೂರಿಯ ಹೆಸರಿನಲ್ಲಿರುವುದೂ ಅದೇ. ಅಷ್ಟರ ಮಟ್ಟಿಗೆ ನಿಮ್ಮ ಮಾತು ಒಪ್ಪತಕ್ಕದ್ದು. ಆದರೆ ಐರಿಷ್‌ನಲ್ಲಿ ಇ, ಐ ಅಕ್ಷರಗಳ ನೆರೆಯ ಎಸ್ ಸಾಮಾನ್ಯವಾಗಿ ‘ಶ’ ಆಗುತ್ತದೆ, ಈ ಪದದಲ್ಲಿ ನಡುವೆ ಸಿ ಇದ್ದರೂ ಆಗುತ್ತದೆ. ಕತ್ತರಿಗೆ ಅವರು ಹೇಳುವ ‘ಶಿಸೂರ್’ ಎರವಲು ಪದ. ಆದರೂ ಅದರ ಮೊದಲ ಎಸ್ ‘ಶ’ ಆಗಿ, ಒ ಮತ್ತು ಯು ನಡುವಿನ ಎರಡನೆಯದು ‘ಸ’ ಆಗಿಯೇ ಉಳಿದು, ಮನೆಯ ಕಟ್ಟಳೆಗೆ ಒಗ್ಗಿದೆ. ಸಂಸ್ಕೃತದ ಕರ್ತರಿ ನಮ್ಮ ಬಾಯಲ್ಲಿ ಕತ್ತರಿಯಾದದ್ದೂ ಹೀಗೆಯೇ ಅಲ್ಲವೇ?

ನಾನು ಉಪಸಂಪಾದಕನಾಗಿದ್ದಾಗ, ಐರ್ಲೆಂಡಿನಿಂದ ಬಂದು ನಮ್ಮೂರಿನ ಶಾಲೆಯಲ್ಲಿ ಕಲಿಸುತ್ತಿದ್ದ ವೃದ್ಧ ಸಿಸ್ಟರ್ ಒಬ್ಬರು ಮಾವಿನಕಾಯಿ ಹೆಚ್ಚುತ್ತಿದ್ದ ಚಾಕುವನ್ನು ಎತ್ತಿ ಹಿಡಿದು ‘ಶ್ಕೀಅನ್’ ಎಂದರು. ಒಂದಕ್ಕಿಂತ ಹೆಚ್ಚಿದ್ದರೆ ‘ಶ್ಕ್ಯನ’ ಎಂದು ಸೇರಿಸಿದರು. ಅಲಗಿಗೆ ಅಂಟಿದ್ದ ಸೊನೆಯನ್ನು ಸೆರಗಿನಂಚಿನಿಂದ ಒರೆಸುತ್ತ, ತಮ್ಮ ತಂದೆ ಜೌಗುನೆಲದಲ್ಲಿ ಉರುವಲು ಮಣ್ಣನ್ನು ಇಟ್ಟಿಗೆಯಂತೆ ಕೊಯ್ಯುತ್ತಿದ್ದ ಸನಿಕೆಯ ಹೆಸರನ್ನೂ ಹೇಳಿದರು: ‘ಶ್ಲಾನ್’. ಉದ್ದ ಹಿಡಿಯ ಆ ಸನಿಕೆಯ ಅಲಗಿಗೆ ಪಕ್ಕದಲ್ಲೊಂದು ರೆಕ್ಕೆಯಿರುವುದರಿಂದ ಒಂದೇ ಒತ್ತಿಗೆ ಎರಡು ಬದಿ ಕೊಯ್ದು ಬರುತ್ತದೆ. ಐರ್ಲೆಂಡಿನ ಇಂಗ್ಲಿಷ್ ಆ ಹೆಸರನ್ನೇ ಎತ್ತಿಕೊಂಡಿದೆ.

ಕೆಲವೇ ಜನ ಎಂದಿರಿ. 2022ರ ಜನಗಣತಿಯಲ್ಲಿ, ಶಾಲೆಯ ಹೊರಗೆ ದಿನವೂ ಐರಿಷ್ ಆಡುವುದಾಗಿ ಹೇಳಿದವರು 71,968 ಮಂದಿ. ಅಷ್ಟು ಬಾಯಿಗಳು ಸಾಲವೇ?

ನನ್ನನ್ನು ನಿಜವಾಗಿ ನೋಯಿಸುವುದು, ಜಗತ್ತಿನ ಯಾವ ಹೆಸರನ್ನಾದರೂ ಇಂಗ್ಲಿಷಿನ ಜರಡಿಯಲ್ಲಿ ಸೋಸಿಯೇ ಅಚ್ಚಿಗೆ ಕಳಿಸುವ ನಮ್ಮ ಪತ್ರಿಕೆಗಳ ರೂಢಿ. ಐರ್ಲೆಂಡಿನ ‘ಶಾನ್’ ನಮ್ಮಲ್ಲಿ ‘ಸೀನ್’ ಆಗುತ್ತಾನೆ. ಅಲ್ಲಿನ ಪ್ರಧಾನಿಯ ಪದವಿ ‘ತೀಶಖ್’. ಅದರ ಮೊದಲ ದಂತ್ಯ ಧ್ವನಿಗೆ ಇಂಗ್ಲಿಷಿನಲ್ಲಿ ಅಕ್ಷರವಿಲ್ಲ, ನಮ್ಮಲ್ಲಿ ‘ತ’ ಇದೆ. ಇರುವ ಅಕ್ಷರವನ್ನು ಬಿಟ್ಟು ಇಲ್ಲದವರನ್ನು ಕೇಳಿ ಬರೆಯುವ ದೈನ್ಯ ನಮಗೆ ಯಾಕೆ ಬೇಕು?

ನೀವು ಡಬ್ಲಿನ್‌ನಲ್ಲೇ ಇದ್ದೀರಿ. ಐರಿಷ್ ಮಾಧ್ಯಮದ ಶಾಲೆಗೆ ಹೋಗುವ ಮಗುವೊಂದಕ್ಕೆ ಅಡುಗೆಮನೆಯ ಚಾಕು ತೋರಿಸಿ ಹೆಸರು ಕೇಳಿ, ಕಿವಿಗೆ ಬಿದ್ದದ್ದನ್ನು ಕನ್ನಡದಲ್ಲೇ ಬರೆದು ಕಳಿಸಿ.