ಮನೆಯವರ ಜೊತೆ ಇದ್ದರೆ ಅಂಗವಿಕಲ ಪಿಂಚಣಿ ನಿಂತುಹೋಗುತ್ತದಾ?

ನಿಮ್ಮ ತಮ್ಮನಿಗೆ ಶೇ. 60 ಅಂಗವಿಕಲತೆ, ತಿಂಗಳಿಗೆ 800 ರೂಪಾಯಿ ಬರುತ್ತಿದೆ. ನಿಮಗೆ ಈಗ ಮೈಸೂರಿನಲ್ಲಿ ಕೆಲಸ ಸಿಕ್ಕಿದೆ, ಮದ್ದೂರಿನಿಂದ ದಿನಾ ರೈಲಿನಲ್ಲಿ ಹೋಗಿಬರುತ್ತೀರಿ. ಒಂದೇ ಮನೆಯಲ್ಲಿದ್ದರೆ ಪಿಂಚಣಿ ಹೋಗುತ್ತದೆ, ಅವನ ಹೆಸರಿಗೆ ಬೇರೆ ರೇಷನ್ ಕಾರ್ಡ್ ಮಾಡಿಸಿ ಅಂತ ಊರವರು ಹೇಳುತ್ತಿದ್ದಾರೆ. ಇದು ನಿಜವಾ ಅಂತ ಕೇಳಿದ್ದೀರಿ.

ನಾನು ಮಂಡ್ಯದ ಕಡೆಯವನು. ನನಗೂ ಇದೇ ಪಿಂಚಣಿ ಬರುತ್ತದೆ, ಇರುವುದು ಅಣ್ಣ-ಅತ್ತಿಗೆ ಜೊತೆ.

ಜೊತೆಗಿರುವುದಕ್ಕೇ ಪಿಂಚಣಿ ನಿಲ್ಲಿಸುವುದಿಲ್ಲ. ಅಧಿಕಾರಿಗಳು ನೋಡುವುದು ಆದಾಯ. ಆದರೆ ನಿಮ್ಮ ತಮ್ಮನ ಆದಾಯವಲ್ಲ, ಕುಟುಂಬದ್ದು. ವರ್ಷಕ್ಕೆ 32,000 ರೂಪಾಯಿ ದಾಟಬಾರದು. ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟಾಗ ಗ್ರಾಮ ಆಡಳಿತಾಧಿಕಾರಿ, ಅಂದರೆ ಹಿಂದಿನ ಗ್ರಾಮ ಲೆಕ್ಕಿಗರು, ವಿಚಾರಿಸಿ ವರದಿ ಹಾಕುತ್ತಾರೆ. ಒಂದೇ ಕಾರ್ಡಿನಲ್ಲಿ ಸಂಬಳದವರು ಒಬ್ಬರಿದ್ದರೆ ಅದನ್ನು ಸೇರಿಸಿಯೇ ಲೆಕ್ಕ. ಹಾಗಾಗಿ ಊರವರ ಮಾತು ಪೂರ್ತಿ ಸುಳ್ಳಲ್ಲ. ಮುಂದೆ ಮರುಪರಿಶೀಲನೆ ಆದರೆ ನಿಮ್ಮ ಸಂಬಳ ಅಡ್ಡ ಬರಬಹುದು.

ನನಗೆ ಸಿಟ್ಟು ಬರುವುದು ಇಲ್ಲೇ. 32,000 ಅಂದರೆ ತಿಂಗಳಿಗೆ 2,700 ಕೂಡ ಇಲ್ಲ. ಕೂಲಿ ಮಾಡುವ ಮನೆಯೂ ಅದನ್ನು ದಾಟುತ್ತದೆ. ಇದೇ ಸರ್ಕಾರ ಬಿಪಿಎಲ್ ಕಾರ್ಡಿಗೆ 1.2 ಲಕ್ಷದವರೆಗೆ ಒಪ್ಪುತ್ತದೆ, ಅಲ್ವಾ? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 24ನೇ ಸೆಕ್ಷನ್ ನೋಡಿ. ಬೇರೆಯವರಿಗೆ ಇರುವ ಅದೇ ಬಗೆಯ ಯೋಜನೆಗಿಂತ ಅಂಗವಿಕಲರಿಗೆ ಕನಿಷ್ಠ ಶೇ. 25 ಹೆಚ್ಚು ಕೊಡಬೇಕು ಅಂತ ಅದರಲ್ಲಿದೆ. ಸಂಧ್ಯಾ ಸುರಕ್ಷಾದಲ್ಲಿ ಹಿರಿಯರಿಗೆ 1,200 ಕೊಡುತ್ತಾರೆ. ಆ ಲೆಕ್ಕದಲ್ಲಿ ನಿಮ್ಮ ತಮ್ಮನಿಗೆ 1,500 ಬರಬೇಕು. ಬರುತ್ತಿರುವುದು 800. ಅದನ್ನೂ ಅಕ್ಕನಿಗೋ ಅಣ್ಣನಿಗೋ ಕೆಲಸ ಸಿಕ್ಕಿತು ಅಂತ ಕಿತ್ತುಕೊಂಡರೆ, ಅವನು ಒಂದು ಚಪ್ಪಲಿಗೂ ಮನೆಯವರ ಮುಂದೆ ಕೈ ಚಾಚಬೇಕು. ಮನೆಯವರು ಎಷ್ಟೇ ಒಳ್ಳೆಯವರಿರಲಿ, ಅದು ಕಷ್ಟ.

ಆದರೂ ಸುಳ್ಳು ಕಾರ್ಡ್ ಬೇಡ. ನಿಜವಾಗಿ ಒಲೆ ಬೇರೆಯಾಗಿದ್ದರೆ, ಅಥವಾ ನೀವು ಮೈಸೂರಿನಲ್ಲೇ ಮನೆ ಮಾಡಿಕೊಂಡು ಹೋದರೆ, ನಿಮ್ಮ ಹೆಸರನ್ನು ಅಪ್ಪ-ಅಮ್ಮನ ಕಾರ್ಡಿನಿಂದ ತೆಗೆಸುವುದು ಸರಿಯಾದ ದಾರಿ. ಕಾಗದದಲ್ಲಿ ಮಾತ್ರ ಬೇರೆಯಾದರೆ ಸ್ಥಳ ಪರಿಶೀಲನೆಗೆ ಬಂದ ದಿನ ಗೊತ್ತಾಗುತ್ತದೆ. ಆಮೇಲೆ ಅವನ ಮಾತನ್ನು ಯಾರೂ ನಂಬುವುದಿಲ್ಲ.

ನಿಮ್ಮ ಪಂಚಾಯ್ತಿಯಲ್ಲಿ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಮೊದಲು ಅವರನ್ನು ಕಾಣಿ. ಅವರೂ ಅಂಗವಿಕಲರೇ ಆಗಿರುವುದರಿಂದ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಪಿಂಚಣಿ ನಿಂತರೆ ಕಾರಣವನ್ನು ಬರಹದಲ್ಲಿ ಕೇಳಿ, ಬಾಯಿಮಾತಿಗೆ ಒಪ್ಪಬೇಡಿ. ಹೋಬಳಿಯಲ್ಲಿ ಪಿಂಚಣಿ ಅದಾಲತ್, ಅಂದರೆ ಅಧಿಕಾರಿಗಳು ಬಂದು ಪಿಂಚಣಿ ದೂರು ಕೇಳುವ ಸಭೆ, ನಡೆದಾಗ ಆ ಕಾಗದ ಹಿಡಿದುಕೊಂಡು ಹೋಗಿ.

ಕುಟುಂಬದ ಆದಾಯ ಕೇಳದ ಸೌಲಭ್ಯಗಳೂ ಇವೆ. ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿಗೆ ಕೇಳುವುದಿಲ್ಲ. ಜೊತೆಗೊಬ್ಬರಿಲ್ಲದೆ ಓಡಾಡಲಾಗದವರಿಗೆ ರೈಲಿನ ಸ್ಲೀಪರ್‌ನಲ್ಲಿ ಶೇ. 75 ರಿಯಾಯಿತಿ ಇದೆ, ಜೊತೆಗೆ ಹೋಗುವವರಿಗೂ ಅಷ್ಟೇ. ಅವನ ಖರ್ಚು ನೀವು ನೋಡಿಕೊಳ್ಳುತ್ತಿದ್ದು, ನಿಮ್ಮ ಸಂಬಳಕ್ಕೆ ತೆರಿಗೆ ಬೀಳುವಂತಿದ್ದರೆ, ಹಳೆಯ ತೆರಿಗೆ ಪದ್ಧತಿಯಲ್ಲಿ ತೆರಿಗೆ ಬೀಳುವ ಆದಾಯದಿಂದ 75,000 ರೂಪಾಯಿ ಕಡಿತ ಸಿಗುತ್ತದೆ. ಅಂಗವಿಕಲತೆ ಶೇ. 80 ಅಥವಾ ಅದಕ್ಕಿಂತ ಹೆಚ್ಚಿದ್ದರೆ 1,25,000.

ಇನ್ನೊಂದು ಮಾತು. ಪಿಂಚಣಿ ಅವನ ಖಾತೆಗೇ ಬರಲಿ, ಪಾಸ್‌ಬುಕ್ ಅವನ ಕೈಯಲ್ಲೇ ಇರಲಿ. ಮನೆಯ ರೇಷನ್ ಖರ್ಚಿಗೆ ಅದನ್ನು ಮುಟ್ಟಬೇಡಿ.