5 ಇಂಚಿನ ಚೌಕ ತುಂಡು ಭಾಳ ಉಳಿದಾವ, ಒಂದಕ್ಕೊಂದು ಮ್ಯಾಚ್ ಆಗವಲ್ವು, ಕೌದಿಗೆ ಯಾವ ಡಿಸೈನ್ ಹಾಕ್ಲಿ?

ನೀವು ಕೇಳಿದ್ದು ಇಷ್ಟು: ರೆಡಿ ಕಟ್ ಮಾಡಿ ಬರೋ 5 ಇಂಚಿನ ತುಂಡು ಒಂದ್ 60 ಉಳಿದಾವ, ಅದರ ಜೋಡಿ ಎರಡೂವರೆ ಇಂಚಿನ ಸಣ್ಣವೂ ಅದಾವ, ಹೂವಿನ ಪ್ರಿಂಟು, ಗೆರಿ, ಚುಕ್ಕಿ ಎಲ್ಲಾ ಕಲಸುಮೇಲೋಗರ, ಬರೇ ಚೌಕಕ್ಕ ಚೌಕ ಹಚ್ಚಿ ಬ್ಯಾಸರ ಆಗೈತಿ, ಬ್ಯಾರೆ ಪ್ಯಾಟರ್ನ್ ಹೇಳ್ರಿ ಅಂತ. ನಾ ಬಾಗಲಕೋಟಿ ನವನಗರದಾಗ ಟೇಲರಿಂಗ್ ಮಾಡ್ತೀನ್ರಿ, ಬ್ಲೌಸ್ ಹೊಲದು ಉಳಿದ ತುಂಡಿನಿಂದ ಕೌದಿ ಮಾಡೋದು ನನಗ ಭಾಳ ಪ್ರೀತಿ, ಅದಕ್ಕ ಸ್ವಲ್ಪ ಉದ್ದ ಬರೀತೀನಿ.

ಮೊದಲ ಪ್ಯಾಟರ್ನ್ ಹುಡುಕಬ್ಯಾಡ್ರಿ. ಎಲ್ಲಾ ತುಂಡು ನೆಲದ ಮ್ಯಾಲ ಹಾಸಿ ಎರಡು ಗುಂಪು ಮಾಡ್ರಿ, ಒಂದು ತಿಳಿ ಬಣ್ಣದ್ದು ಇನ್ನೊಂದು ಕಡು ಬಣ್ಣದ್ದು. ಕೆಂಪಿಗೆ ಹಸರು ಹೊಂದ್ತೈತೋ ಇಲ್ಲೋ, ಹೂವಿನ ಬಾಜೂ ಗೆರಿ ಛಲೋ ಕಾಣ್ತೈತೋ ಇಲ್ಲೋ, ಆ ವಿಚಾರ ಈಗ ಬ್ಯಾಡ. ಕೌದಿನಾಗ ಡಿಸೈನ್ ಎದ್ದು ಕಾಣೋದು ಬಣ್ಣದಿಂದಲ್ರಿ, ತಿಳಿ ಯಾವ್ದು ಕಡು ಯಾವ್ದು ಅನ್ನೋದ್ರಿಂದ. ಡೌಟ್ ಬಂದ್ರ ಫೋನಿನ್ಯಾಗ ಫೋಟೋ ತಗದು ಬ್ಲ್ಯಾಕ್ ಅಂಡ್ ವೈಟ್ ಮಾಡಿ ನೋಡ್ರಿ, ಕಣ್ಣಿಗೆ ಬ್ಯಾರೆ ಬ್ಯಾರೆ ಕಂಡಿದ್ದ ಗುಲಾಬಿ ಮತ್ತ ಹಸರು ಅಲ್ಲಿ ಒಂದ ಬೂದಿ ಬಣ್ಣ ಆಗಿ ನಿಂತಿರ್ತಾವ, ಅಂಥಾ ಎರಡನ್ನ ಬಾಜೂಬಾಜೂ ಹಚ್ಚಿದ್ರ ಎಷ್ಟ ಕಷ್ಟಪಟ್ಟು ಹೊಲದ್ರೂ ಡಿಸೈನ್ ಮುಳುಗಿಹೋಗ್ತೈತಿ. ಎರಡೂ ಕಡೆ ಸೇರದ ನಡುವಿನ ತುಂಡು ಒಂದಿಷ್ಟು ಉಳೀತಾವ, ಅವನ್ನ ಬದಿಗಿಡ್ರಿ, ಆಮ್ಯಾಲ ಬೇಕಾಗ್ತಾವ.

ಈಗ ನಿಮ್ಮ ಕೇಸಿಗೆ ನಾ ಹೇಳೋದು ಡಿಸಪಿಯರಿಂಗ್ ನೈನ್ ಪ್ಯಾಚ್. ಮ್ಯಾಚ್ ಆಗದ ಪ್ರಿಂಟಿಗೆ ಇದರಷ್ಟು ಛಲೋದು ಇನ್ನೊಂದಿಲ್ಲ ಅಂತ ನನಗ ಅನಸ್ತೈತಿ. 9 ತುಂಡು ಮೂರು ಸಾಲಿನ್ಯಾಗ ಹಚ್ಚಿ ಒಂದು ದೊಡ್ಡ ಚೌಕ ಮಾಡ್ರಿ, ಇದಕ್ಕ ಬ್ಲಾಕ್ ಅಂತಾರ, ಪ್ರತಿ ಅಂಚಿಗೆ ಕಾಲು ಇಂಚ್ ಹೊಲಿಗಿಗೆ ಹೋಗಿ 14 ಇಂಚ್ ಬರ್ತೈತಿ, ಅದನ್ನ ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ನಟ್ಟನಡುವ ಕತ್ತರಿಸ್ರಿ, 7 ಇಂಚಿನ ನಾಕು ತುಂಡು ಸಿಗ್ತಾವ. ಪ್ರತಿಯೊಂದರಾಗ ಒಂದು ಪೂರ್ತಿ ಚೌಕ, ಎರಡು ಉದ್ದಪಟ್ಟಿ, ಒಂದು ಸಣ್ಣ ಚೌಕ ಇರ್ತೈತಿ, ಈ ನಾಕನ್ನೂ ತಿರುವಿ ತಿರುವಿ ಹಚ್ಚಿದ್ರ ಇದು ಬರೇ ಚೌಕದಿಂದ ಆಗಿದ್ದು ಅಂತ ಯಾರಿಗೂ ಗೊತ್ತಾಗಂಗಿಲ್ಲ. ಒಂದು ಮಾತು ನೆನಪಿಡ್ರಿ, ನಟ್ಟನಡುವಿನ ಚೌಕ ಎಲ್ಲಾ ಬ್ಲಾಕಿನ್ಯಾಗೂ ಒಂದ ಕಡು ಬಣ್ಣದ್ದು ಇರ್ಲಿ, ಮೂಲಿ ನಾಕಕ್ಕ ನಿಮ್ಮ ದೊಡ್ಡ ಹೂವಿನ ಪ್ರಿಂಟು ಹಾಕ್ರಿ ಯಾಕಂದ್ರ ಮೂಲಿ ತುಂಡಷ್ಟ ಕತ್ತರಿ ಬೀಳದ ಪೂರ್ತಿ ಉಳಿಯೋದು, ಉಳಿದ ನಾಕು ಜಾಗಕ್ಕ ಬದಿಗಿಟ್ಟ ಆ ನಡುವಿನ ಬಣ್ಣದವು ಹೋಗ್ಲಿ. 54 ತುಂಡಿಗೆ 6 ಬ್ಲಾಕ್ ಆಗ್ತಾವ, ಕತ್ತರಿಸಿದ ಮ್ಯಾಲ 24 ತುಂಡು, ನಾಕು ಆರು ಲೆಕ್ಕದಾಗ ಜೋಡಿಸಿದ್ರ 26 ಬೈ 39 ಇಂಚಿನ ಕೂಸಿನ ಕೌದಿ. ದೊಡ್ಡದು ಬೇಕಂದ್ರ ಸುತ್ತಲೂ ಅಂಚು ಕೊಡ್ರಿ.

ಇನ್ನೂ ದೊಡ್ಡದ ಬೇಕು ಅಂದ್ರ ತ್ರಿಕೋನಕ್ಕ ಬರ್ರಿ. ಒಂದು ಪ್ರಿಂಟಿನ ತುಂಡು, ಒಂದು ಪ್ಲೇನ್ ತುಂಡು, ಮುಖಕ್ಕ ಮುಖ ಇಟ್ಟು ಮೂಲಿಯಿಂದ ಮೂಲಿಗೆ ಪೆನ್ಸಿಲ್ ಗೆರಿ ಎಳದು ಗೆರಿಯ ಆಚೆ ಈಚೆ ಕಾಲು ಇಂಚ್ ಬಿಟ್ಟು ಎರಡು ಹೊಲಿಗಿ ಹಾಕಿ ಗೆರಿ ಮ್ಯಾಲ ಕತ್ತರಿಸಿದ್ರ ಅರ್ಧ ಪ್ರಿಂಟು ಅರ್ಧ ಪ್ಲೇನ್ ಇರೋ ಎರಡು ಚೌಕ ಬರ್ತಾವ, ಇಸ್ತ್ರಿ ಮಾಡಿ ನಾಕೂವರೆ ಇಂಚಿಗೆ ಸರಿ ಮಾಡ್ಕೋರಿ. ನಿಮ್ಮ 60 ತುಂಡಿಗೆ 60 ಪ್ಲೇನ್ ತುಂಡು ಸೇರಿಸಿದ್ರ ಇಂಥವು 120 ಆಗ್ತಾವ, 10 ಬೈ 12 ಜೋಡಿಸಿದ್ರ 40 ಬೈ 48 ಇಂಚ್. ಪ್ಲೇನ್ ಬಟ್ಟಿ 44 ಇಂಚ್ ಪನ್ನಾದ್ದು (ಅಗಲದ್ದು) ಒಂದೂಕಾಲು ಮೀಟರ್ ಸಾಕು. ಆದ್ರ ಹೊಸಾದು ಯಾಕ ಕೊಳ್ಳೋದು ಅಂತ ನನ್ನ ಮಾತು, ಮನಿಯಾಗ ಹಳೇ ಕಾಟನ್ ಇಳಕಲ್ ಸೀರಿ ಇದ್ರ ಅದರ ಒಡಲು ತಗೋರಿ, ಅಂಚಿನ ಹತ್ರ ಸವದಿದ್ರೂ ಒಡಲಿನ್ಯಾಗ ಗಟ್ಟಿ ಜಾಗ ಸಿಕ್ಕೇ ಸಿಗ್ತೈತಿ, ಆ ಕಡು ನೀಲಿ ಇಲ್ಲಾ ದಾಳಿಂಬ್ರಿ ಬಣ್ಣದ ಬಾಜೂ ನಿಮ್ಮ ತಿಳಿ ಪ್ರಿಂಟ್ ಹೆಂಗ ಎದ್ದು ಬರ್ತಾವ ಒಮ್ಮೆ ಇಟ್ಟು ನೋಡ್ರಿ. ಇಳಕಲ್ ಸೀರಿಯ ಆ ತೋಪ ತೆನಿ ಡಿಸೈನಿನ ಸೆರಗು ಮಾತ್ರ ಕತ್ತರಿಸಬ್ಯಾಡ್ರಿ, ಅದನ್ನ ಪೂರ್ತಿ ಇಟ್ಕೊಂಡು ಕೌದಿಯ ಹಿಂದಿನ ಪದರಕ್ಕ ಹಾಕ್ರಿ.

ಈ ತ್ರಿಕೋನದ ಚೌಕ ನಾಕು ಸೇರಿಸಿ ಗಾಳಿಪಂಕದ ಡಿಸೈನ್ ಮಾಡ್ತಾರಲ್ಲ, ಪಿನ್‌ವೀಲ್, ಅದು ಚಂದ ಖರೆ, ಆದ್ರ ನಟ್ಟನಡುವ ಎಂಟು ಮೂಲಿ ಒಂದ ಕಡೆ ಬಂದು ಗಂಟು ಕಟ್ಟಿದಂಗ ದಪ್ಪ ಆಗ್ತೈತಿ, ಕೈಲೆ ಕೌದಿ ಹೊಲಿಗಿ ಹಾಕೋವಾಗ ಸೂಜಿ ಇಳಿಯಂಗಿಲ್ಲ. ಹೊಸದಾಗಿ ಹಚ್ಚಾವ್ರಾದ್ರ ಗೆರಿ ಎಲ್ಲಾ ಒಂದ ದಿಕ್ಕಿಗೆ ಓರೆಯಾಗಿ ಹೋಗೋ ಹಂಗ ಇಡ್ರಿ, ಇಲ್ಲಾ ಝಿಗ್‌ಝ್ಯಾಗ್ ಮಾಡ್ರಿ.

ಎರಡೂವರೆ ಇಂಚಿನ ಸಣ್ಣ ತುಂಡಿಗೆ ನನಗ ಭಾಳ ಖುಷಿ ಕೊಡೋ ಲೆಕ್ಕ ಒಂದೈತಿ. ಅವನ್ನ ನಾಕು ಸೇರಿಸಿದ್ರ ನಾಕೂವರೆ ಇಂಚಿನ ಚೌಕ, ಮ್ಯಾಲಿನ ತ್ರಿಕೋನದ ಚೌಕಾನೂ ನಾಕೂವರೆನ! ಅಂದ್ರ ಎರಡೂ ಒಂದಕ್ಕೊಂದು ಸರಿಯಾಗಿ ಕೂಡ್ತಾವ. ಮೂರು ಮೂರು ಸಾಲು ಇಟ್ಟು, ನಾಕು ಮೂಲಿಗೆ ಮತ್ತ ನಡುವಿಗೆ ಸಣ್ಣ ತುಂಡಿನ ಚೌಕ, ಉಳಿದ ನಾಕು ಜಾಗಕ್ಕ ತ್ರಿಕೋನದ್ದು ಹಾಕಿದ್ರ ಜೇಕಬ್ಸ್ ಲ್ಯಾಡರ್ ಅನ್ನೋ ಹಳೇ ಡಿಸೈನ್ ಆಗ್ತೈತಿ, ಕಡು ಬಣ್ಣ ಮೆಟ್ಟಲು ಮೆಟ್ಟಲಾಗಿ ಓರೆ ಇಳಕೊಂತ ಹೋಗ್ತಾವ. ಒಂದು ಬ್ಲಾಕ್ ಹೊಲದು ಮುಗಿಸಿದ್ರ 12 ಇಂಚ್. ಇಲ್ಲಿ ತಿಳಿ ಕಡು ತಪ್ಪಿದ್ರ ಮೆಟ್ಟಲ ಕಾಣಂಗಿಲ್ಲ, ಅದಕ್ಕ ಮೊದಲ ಗುಂಪು ಮಾಡ್ರಿ ಅಂದದ್ದು.

ಇನ್ನ ಹೊಲಿಗಿ ವಿಷಯ. ನಮ್ಮ ಟೇಲರಿಂಗ್ ಕೈಗೆ ಅರ್ಧ ಇಂಚ್ ಬಿಡೋದು ರೂಢಿ ಆಗಿರ್ತೈತಿ, ಇಲ್ಲಿ ಕಾಲು ಇಂಚ್ ಅಂದ್ರ ಕಾಲು ಇಂಚ ಇರ್ಬೇಕು, ಯಾಕಂದ್ರ ಒಂದೊಂದು ಹೊಲಿಗಿಗೆ ಒಂದು ದಾರದಷ್ಟು ಫರಕ್ ಆದ್ರೂ ಹತ್ತು ಸಾಲು ದಾಟೋದ್ರಾಗ ಒಂದು ಸಾಲು ಇನ್ನೊಂದಕ್ಕ ಕೂಡಂಗಿಲ್ಲ. ಮಷೀನಿನ ಮ್ಯಾಲ ಸೂಜಿಯಿಂದ ಕಾಲು ಇಂಚ್ ಅಳದು ಟೇಪ್ ಅಂಟಿಸ್ಕೋರಿ. ಕೆಲವು ರೆಡಿ ತುಂಡಿನ ಅಂಚು ಹಲ್ಲು ಹಲ್ಲಾಗಿ ಕತ್ತರಿಸಿರ್ತಾರಲ್ಲ, ಅಂಥವನ್ನ ಹಲ್ಲಿನ ತುದಿಯಿಂದ ತುದಿಗೆ ಅಳದು ನೋಡ್ರಿ 5 ಇಂಚ್ ಐತೋ ಏನು ಅಂತ, ತುದಿಯಿಂದ ಇದ್ರ ತುದಿಯಿಂದನ ಕಾಲು ಇಂಚ್ ಲೆಕ್ಕ ಹಿಡೀರಿ. ಹೊಲದ ಅಂಚು ಕಡು ಬಟ್ಟಿ ಕಡೆ ಮಡಚಿ ಇಸ್ತ್ರಿ ಮಾಡ್ರಿ, ಸಾಲು ಸಾಲಾಗಿ ಹಚ್ಚೋವಾಗ ಮಾತ್ರ ಒಂದು ಸಾಲು ಬಲಕ್ಕ ಮಡಚಿದ್ರ ಮುಂದಿನ ಸಾಲು ಎಡಕ್ಕ, ಆಗ ಸಂದಿ ಒಂದರಾಗೊಂದು ಸಿಕ್ಕಿ ಕೂಡ್ತಾವ.

ರೆಡಿ ತುಂಡನ್ನ ಮೊದಲ ತೊಳಿಯಾಕ ಹಾಕಬ್ಯಾಡ್ರಿ, ಎಳಿ ಬಿಟ್ಟು ಅಳತಿ ಹೋಗ್ತೈತಿ. ಆದ್ರ ಬಣ್ಣ ಬಿಡೋದನ್ನ ನೋಡ್ಲೇಬೇಕು, ಬಿಳಿ ಬಟ್ಟಿ ಒದ್ದಿ ಮಾಡಿ ಕಡು ತುಂಡಿನ ಮ್ಯಾಲ ಇಟ್ಟು ಬಿಸಿ ಇಸ್ತ್ರಿ ಒತ್ತ್ರಿ, ಬಿಳಿಗೆ ಕಲೆ ಹತ್ತಿದ್ರ ಆ ತುಂಡು ಕೌದಿಗೆ ಬ್ಯಾಡ, ಒಂದು ಕೆಂಪು ತುಂಡು ಇಡೀ ಕೌದಿ ಕೆಡಸ್ತೈತಿ. ಹಳೇ ಸೀರಿಯದು ಮಾತ್ರ ಒಗದ ಮ್ಯಾಲನ ಕತ್ತರಿಸ್ರಿ. ನಿಮ್ಮ ಕಡೆ ಗುಳೇದಗುಡ್ಡದ ಖಣದ (ಕುಬಸದ ಬಟ್ಟಿ) ತುಂಡು ಇದ್ರ ಸೇರಿಸ್ರಿ, ಆ ಸಣ್ಣ ಬುಟ್ಟಾ ಪ್ರಿಂಟಿನ ನಡುವ ಭಾಳ ಶೋಭಿಸ್ತಾವ, ಆದ್ರ ಖಣ ಎಳಿ ಬಿಡ್ತೈತಿ, ಕತ್ತರಿಸೋಕ್ಕಿಂತ ಮೊದಲ ಹಿಂದ ತೆಳ್ಳನ ಪೇಸ್ಟಿಂಗ್ (ಇಸ್ತ್ರಿ ಬಿಸಿಗೆ ಅಂಟೋ ಬಟ್ಟಿ) ಹಚ್ಚಿ ಕಡಿಮಿ ಬಿಸಿಯಾಗ ಇಸ್ತ್ರಿ ಮಾಡ್ರಿ.

ಒಳಗ ಏನು ಹಾಕೋದು ಅಂದ್ರ, ಬಿಜಾಪುರ, ಬಾಗಲಕೋಟಿ ಬಿಸಲಿಗೆ ಬ್ಯಾಟಿಂಗ್ (ಪದರದ ನಡುವ ತುಂಬೋ ದಪ್ಪ ಹಾಸು) ಬ್ಯಾಡ್ರಿ, ಒಂದು ಹಳೇ ಧೋತರ ಇಲ್ಲಾ ಸೀರಿಯ ಪದರ ಸಾಕು. ಬೆಳಗಾವಿ ಥಂಡಿಗೆ ಎರಡು ಪದರ ಕೊಡ್ರಿ. ಕೈ ಹೊಲಿಗಿ ಹಾಕೋವಾಗ ಪ್ಯಾಟರ್ನಿನ ಗೆರಿ ಹಿಡ್ಕೊಂಡ ಹೋಗ್ಬೇಕು ಅಂತ ಏನಿಲ್ಲ, ಅಂಚಿನಿಂದ ಸುತ್ತಕೊಂತ ಸುತ್ತಕೊಂತ ಒಳಗ ಬರೋ ನಮ್ಮ ಕೌದಿ ಹೊಲಿಗಿನ ಹಾಕ್ರಿ, ಚೌಕದ ಮ್ಯಾಲ ಆ ಸುತ್ತು ಬಿದ್ದಾಗ ಮ್ಯಾಚ್ ಆಗದ ತುಂಡೆಲ್ಲಾ ಒಂದ ಬಟ್ಟಿ ಆದಂಗ ಕಾಣ್ತಾವ.

ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಸಮುದಾಯದ ಹೆಣ್ಮಕ್ಕಳ ಕೌದಿ ನೋಡೀರಿ? ಅವರು ಬ್ಲಾಕ್ ಅಂತ ಮೊದಲ ಹೊಲಿಯಂಗಿಲ್ಲ, ತಳದ ಸೀರಿ ಹಾಸಿ ಮೂಲಿಯಿಂದ ಶುರು ಮಾಡಿ ತುಂಡಿನ ಅಂಚು ಮಡಚಿ ಮಡಚಿ ಹಚ್ಚಕೊಂತ ನಡುವಿಗೆ ಬರ್ತಾರ, ಕೊನಿಗೆ ನಾಕು ಮೂಲಿಗೆ ಬಟ್ಟಿ ಮಡಚಿದ ತ್ರಿಕೋನದ ಫೂಲ ಇಡ್ತಾರ. ನಿಮ್ಮ ತುಂಡಿನ್ಯಾಗ ಅಳತಿ ತಪ್ಪಿದ್ದು, ಸೊಟ್ಟ ಕತ್ತರಿ ಬಿದ್ದದ್ದು ಇದ್ರ ಎಸಿಬ್ಯಾಡ್ರಿ, ಈ ಪದ್ಧತಿಗೆ ಎಲ್ಲಾ ನಡೀತಾವ. ಫೂಲ ಮಾಡೋದೂ ಸರಳ, ಚೌಕವನ್ನ ಓರೆ ಒಮ್ಮೆ ಮಡಚಿ, ಅದನ್ನ ಮತ್ತೊಮ್ಮೆ ಅರ್ಧಕ್ಕ ಮಡಚ್ರಿ. ಇಂಥವನ್ನ ಇಡೀ ಅಂಚಿಗೆ ಸಾಲಾಗಿ ಇಟ್ಟು ಹೊಲದ್ರ ಉಳಿದ ಸಣ್ಣ ತುಂಡೂ ಖಾಲಿ ಆಗ್ತಾವ.

ಎರಡೂವರೆ ಇಂಚಿನವು ಎಷ್ಟು ಅದಾವ ಒಮ್ಮೆ ಎಣಿಸಿ ನೋಡ್ರಿ. 80 ಇದ್ರ ಜೇಕಬ್ಸ್ ಲ್ಯಾಡರ್ ನಾಕು ಬ್ಲಾಕ್ ಆಗ್ತಾವ, ಅದಕ್ಕ ಪ್ಲೇನ್ ಬದಲಿ ನಿಮ್ಮ ದೊಡ್ಡ ತುಂಡಿನ್ಯಾಗ ತಿಳಿ ಒಂದು ಕಡು ಒಂದು ಸೇರಿಸಿ 8 ಜೋಡಿ (16 ತುಂಡು) ಸಾಕು, 24 ಇಂಚಿನ ಚೌಕ ಬರ್ತೈತಿ, ಉಳಿದ 44 ದೊಡ್ಡ ತುಂಡನ್ನ ಅದರ ಸುತ್ತ ಹಚ್ಚಿ ಬೆಳಸಬಹುದು. 80ಕ್ಕಿಂತ ಕಡಿಮಿ ಇದ್ರ ನೈನ್ ಪ್ಯಾಚ್ ಕೌದಿ ಮಾಡಿ ಸಣ್ಣವನ್ನ ಅಂಚಿನ ಫೂಲಕ್ಕ ಹಾಕ್ರಿ.